ಎಂಚಿಲಾಡಾ ಮಾಡಿದರೆ ರೊಟ್ಟಿ ಮೆತ್ತಗಾಗಿ ಕರಗುತ್ತದೆ, ಮುಂಚಿತವಾಗಿ ಮಾಡಿಡುವುದು ಹೇಗೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮಗಳ ಆಸೆಗೆಂದು ಮೆಕ್ಸಿಕೋದ ಎಂಚಿಲಾಡಾ ಮಾಡಿದೆ. ಚಪಾತಿಯೊಳಗೆ ರಾಜ್ಮಾ ಪಲ್ಯವನ್ನಿಟ್ಟು ಸುರುಳಿ ಸುತ್ತಿ, ಮೇಲೆ ಕೆಂಪು ಮೆಣಸಿನಕಾಯಿಯ ಸಾಸ್ ಸುರಿದು ಬೆಳಿಗ್ಗೆಯೇ ಫ್ರಿಜ್ಜಿನಲ್ಲಿಟ್ಟಿದ್ದೆ. ರಾತ್ರಿ ಓವನ್ನಿನಿಂದ ತೆಗೆಯುವಷ್ಟರಲ್ಲಿ ಚಪಾತಿ ಯಾವುದು, ಪಲ್ಯ ಯಾವುದು ಎಂದು ತಿಳಿಯದಂತೆ ಎಲ್ಲವೂ ಕಲಸಿಹೋಗಿತ್ತು. ಜೋಳದ ರೊಟ್ಟಿಯಲ್ಲಿ ಪ್ರಯತ್ನಿಸಿದರೆ ಸುತ್ತುವಾಗಲೇ ಬಿರಿಯಿತು. ಮುಂದಿನ ವಾರ ಎಂಟು ಜನ ನೆಂಟರು ಊಟಕ್ಕೆ ಬರುವವರಿದ್ದಾರೆ. ಹಿಂದಿನ ದಿನವೇ ಎಷ್ಟು ಕೆಲಸ ಮುಗಿಸಿಡಬಹುದು, ಉಳಿದದ್ದನ್ನು ಹೇಗೆ ಕಾಪಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗ)

ಅಕ್ಕಾ, ನಿಮ್ಮ ಪಲ್ಯದಲ್ಲಿ ದೋಷವಿಲ್ಲ, ರೊಟ್ಟಿಯನ್ನು ಬದಲಾಯಿಸಬೇಕು. ಎಂಚಿಲಾಡಾಕ್ಕೆ ಬೇಕಾದ ತೋರ್ತಿಯಾವನ್ನು ಮೆಕ್ಸಿಕೋದಲ್ಲಿ ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದ ಮೆಕ್ಕೆಜೋಳದಿಂದ ಮಾಡುತ್ತಾರೆ. ಸುಣ್ಣವು ಕಾಳಿನ ಸಿಪ್ಪೆಯನ್ನು ಸಡಿಲಿಸುವುದಲ್ಲದೆ ಹಿಟ್ಟಿಗೆ ಅಂಟು ತರುತ್ತದೆ, ಆದ್ದರಿಂದಲೇ ಆ ರೊಟ್ಟಿ ಮಡಚಿದರೂ ಬಿರಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾದಾ ಮೆಕ್ಕೆಜೋಳದ ಹಿಟ್ಟಿಗೆ ಈ ಗುಣವಿಲ್ಲ. ಕಾರ್ನ್ ಫ್ಲೋರ್ ಎಂದು ಮಾರುವುದಂತೂ ಬರಿಯ ಪಿಷ್ಟ, ಅದು ಬೇಡವೇ ಬೇಡ.

ನಮ್ಮ ಎರಡೂ ಜಿಲ್ಲೆಗಳ ಹೊಲಗಳಲ್ಲಿ ಮೆಕ್ಕೆಜೋಳ ತುಂಬಿರುವಾಗ ಇದನ್ನು ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ. ಅರ್ಧ ಕಿಲೋ ಒಣಕಾಳಿಗೆ ಒಂದೂವರೆ ಲೀಟರ್ ನೀರು ಮತ್ತು ಒಂದು ಸಣ್ಣ ಚಮಚ, ಅಂದರೆ ಸುಮಾರು 5 ಗ್ರಾಂ, ತಿನ್ನಲು ಯೋಗ್ಯವಾದ ಸುಣ್ಣ ಸಾಕು. ಸ್ಟೀಲ್ ಪಾತ್ರೆಯಲ್ಲಿ 40 ನಿಮಿಷ ಕುದಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವಂತೆ ಉಜ್ಜಿ ಮೂರ್ನಾಲ್ಕು ನೀರಿನಲ್ಲಿ ತೊಳೆದು, ಆದಷ್ಟು ಕಡಿಮೆ ನೀರು ಹಾಕಿ ಗ್ರೈಂಡರಿನಲ್ಲಿ ರುಬ್ಬಿ. ಒಂದು ಮಾತನ್ನು ಮರೆಯಬೇಡಿ: ಬಿತ್ತನೆಗೆ ತಂದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಮನೆಯಲ್ಲಿ ಮಿಕ್ಕಿದೆಯೆಂದು ಅದನ್ನು ಎಂದಿಗೂ ಅಡುಗೆಗೆ ಬಳಸಬಾರದು. ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಹೋಳಿಗೆ ತಟ್ಟುವ ಹಾಳೆಯ ನಡುವೆ ಒತ್ತಿ, ಅಂಗೈಯಗಲದ ರೊಟ್ಟಿಗಳನ್ನು ಬಿಸಿ ಹೆಂಚಿನ ಮೇಲೆ ಬೇಯಿಸಿದರೆ 24ಕ್ಕೆ ಕೊರತೆಯಾಗುವುದಿಲ್ಲ. ಬೆಂದವನ್ನು ಬಟ್ಟೆಯಲ್ಲಿ ಸುತ್ತಿಡಿ.

ಸಾಸಿಗೆ ಗುಂಟೂರು ಮೆಣಸಿನಕಾಯಿ ಖಾರ ಹೆಚ್ಚು. ಬಣ್ಣ ಕೊಟ್ಟು ಖಾರ ಕಡಿಮೆಯಿರುವ ಬ್ಯಾಡಗಿಯೇ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೆಕ್ಸಿಕೋದವರು ಗುವಾಹಿಯೋ ಎಂಬ ಒಣಮೆಣಸಿನಕಾಯಿಯಿಂದ ಪಡೆಯುವುದೂ ಇಂತಹುದೇ ಕೆಂಪನ್ನು. ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ, ಜೀರಿಗೆಯೊಂದಿಗೆ ನುಣ್ಣಗೆ ರುಬ್ಬಿ, ಸೋಸಿ, ಎಣ್ಣೆ ಬಿಡುವವರೆಗೆ ಕುದಿಸಿರಿ.

ಇನ್ನು ಮುಖ್ಯವಾದ ಹಂತ. ಪ್ರತಿ ರೊಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಒಂದೊಂದು ಬದಿ ಐದಾರು ಸೆಕೆಂಡು ಮಾತ್ರ ಅದ್ದಿ ತೆಗೆಯಿರಿ, ಗರಿಗರಿಯಾಗಬಾರದು. ಆ ಎಣ್ಣೆಯ ತೆಳುಪದರವೇ ಸಾಸ್ ಒಳಗಿಳಿಯದಂತೆ ತಡೆಯುತ್ತದೆ. ದಾವಣಗೆರೆಯವರೆಂದು ಇಲ್ಲಿ ಬೆಣ್ಣೆಗೆ ಕೈಹಾಕಬೇಡಿ; ಬೆಣ್ಣೆಯಲ್ಲಿ ನೀರಿನಂಶವಿರುವುದರಿಂದ ರೊಟ್ಟಿ ಮತ್ತೆ ಮೆತ್ತಗಾಗುತ್ತದೆ.

ಉತ್ತರ 2 (ದಾವಣಗೆರೆ)

ಮೇಲಿನ ವಿವರಣೆ ಸರಿಯಾಗಿದೆ, ಸಂಗ್ರಹದ ಬಗ್ಗೆ ಸೇರಿಸುತ್ತೇನೆ. ಸಾಸ್, ಪಲ್ಯ, ರೊಟ್ಟಿ ಮೂರನ್ನೂ ಹಿಂದಿನ ದಿನ ಸಿದ್ಧಪಡಿಸಿ ಬೇರೆ ಬೇರೆ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿಡಿ, ಅವುಗಳನ್ನು ಒಂದುಗೂಡಿಸುವುದು ಮಾತ್ರ ಬಡಿಸುವ ಅರ್ಧ ಗಂಟೆ ಮೊದಲು. ಪಲ್ಯದಲ್ಲಿ ನೀರು ನಿಲ್ಲದಂತೆ ಚೆನ್ನಾಗಿ ಬಾಡಿಸಿಕೊಳ್ಳುವುದೂ ಅಷ್ಟೇ ಅಗತ್ಯ.

ಉಳಿದ ಎಂಚಿಲಾಡಾವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು, ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಾದರೆ ಒಂದೇ ಗಂಟೆಯೊಳಗೆ. ಮೂರ್ನಾಲ್ಕು ದಿನ ಅದು ಕೆಡುವುದಿಲ್ಲ. ಆದರೆ ವಿದ್ಯುತ್ ಹೋಗಿ ನಾಲ್ಕು ಗಂಟೆ ದಾಟಿದರೆ, ಬಾಗಿಲು ತೆರೆಯದಿದ್ದರೂ ಒಳಗಿನದನ್ನು ನಂಬಬೇಡಿ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಸುತ್ತಿದ ಸುರುಳಿಗಳನ್ನೂ ಸಾಸನ್ನೂ ಪ್ರತ್ಯೇಕವಾಗಿಟ್ಟರೆ ಎರಡು ತಿಂಗಳವರೆಗೂ ರುಚಿ ನಿಲ್ಲುತ್ತದೆ. ಮತ್ತೆ ಬಿಸಿ ಮಾಡುವಾಗ ಮುಚ್ಚಳ ಹಾಕಿ, ನಡುಭಾಗದಿಂದ ಹಬೆ ಏಳುವವರೆಗೆ ಕಾಯಿಸಿರಿ.

ಉತ್ತರ 3 (ಚಿತ್ರದುರ್ಗ)

ಓವನ್ ಇಲ್ಲದವರು ನಿರಾಶರಾಗಬೇಕಿಲ್ಲ. ಮೆಕ್ಸಿಕೋದ ಎಷ್ಟೋ ಮನೆಗಳಲ್ಲಿ ಬಿಸಿ ಸಾಸಿನಲ್ಲಿ ಅದ್ದಿದ ರೊಟ್ಟಿಗೆ ಪಲ್ಯವಿಟ್ಟು ಸುತ್ತಿ, ಮೇಲೆ ಚೀಸ್ ಪುಡಿ, ಹಸಿ ಈರುಳ್ಳಿ ಉದುರಿಸಿ ತಕ್ಷಣ ಬಡಿಸುತ್ತಾರೆ. ನಾನು ಚೀಸಿನ ಬದಲು ಪನೀರ್ ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನೊಂದಿಗೆ ಕೊಡುತ್ತೇನೆ. ಹುಳಿಯಿಲ್ಲದ ಮೊಸರೇ ಇರಲಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನೆಂಟರು ಉಂಡು ಹೋದರು, ಒಂದು ರೊಟ್ಟಿಯೂ ಬಿರಿಯಲಿಲ್ಲ. ಮೊದಲ ಸಲ ರುಬ್ಬುವಾಗ ನೀರು ಹೆಚ್ಚಾಗಿ ಹಿಟ್ಟು ಹಾಳೆಗೆ ಅಂಟಿಕೊಂಡಿತು. ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿದ ನಂತರ ಹದಕ್ಕೆ ಬಂತು. ಐದು ಸುರುಳಿಗಳು ಸಾಸ್ ಸೋಕದಂತೆ ಫ್ರೀಜರಿನಲ್ಲಿವೆ. ಮಗಳು ಹಾಸ್ಟೆಲಿನಿಂದ ಬಂದ ದಿನ ಅವನ್ನು ಬಿಸಿ ಮಾಡುತ್ತೇನೆ.