ಪದಚರ್ಚೆ: ಜಪಾನಿನ ‘ದಗಾಶಿಯಾ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜಪಾನಿನಲ್ಲಿ ಒಂದು ಬಗೆಯ ಕಥೆಗಳಿಗೆ ಈಗ ಓದುಗರು ಜಾಸ್ತಿ. ಯಾವುದೋ ಸಂದಿಯಲ್ಲೊಂದು ಹಳೇ ಅಂಗಡಿ. ತಾಪತ್ರಯದಲ್ಲಿರುವವರ ಕಣ್ಣಿಗೆ ಅದು ತಾನಾಗಿ ಬೀಳುತ್ತದೆ. ಒಳಗೆ ಹೋದರೆ ಅವರವರ ಕಷ್ಟಕ್ಕೆ ತಕ್ಕ ಏನೋ ಒಂದು ಸಿಗುತ್ತದೆ. ಮಕ್ಕಳಿಗಾಗಿ ಬಂದ ಇಂಥ ಒಂದು ಮಾಲೆ ‘ಫುಶಿಗಿ ದಗಾಶಿಯಾ ಝೆನಿತೆನ್‌ದೋ’ (ಝೆನಿತೆನ್‌ದೋ ಅನ್ನುವುದು ಆ ಅಂಗಡಿಯ ಹೆಸರು). ಹಿರೋಶಿಮಾ ರೇಕೊ ಬರೆದದ್ದು, ಮೊದಲ ಪುಸ್ತಕ 2013ರದ್ದು. ಇದರ ಕಥೆಗಳನ್ನು ಮನೆಯ ಮಕ್ಕಳಿಗೆ ಕನ್ನಡದಲ್ಲಿ ಹೇಳೋಣ ಅಂತ ಕೂತರೆ ಹೆಸರಿನಲ್ಲೇ ಗಾಡಿ ನಿಂತಿದೆ.

ಮುಖ್ಯವಾಗಿ ‘ದಗಾಶಿಯಾ’. ‘ಯಾ’ ಅಂದರೆ ಅಂಗಡಿ, ‘ಕಾಶಿ’ ಅಂದರೆ ಸಿಹಿತಿಂಡಿ (ಜೋಡಿಸಿದಾಗ ‘ಗಾಶಿ’ ಆಗುತ್ತದೆ). ‘ದ’ ಅಂದರೆ ಕೀಳು ದರ್ಜೆಯದ್ದು. ಎದೊ ಕಾಲದಲ್ಲಿ (1603ರಿಂದ 1868ರವರೆಗೆ) ಬಿಳಿ ಸಕ್ಕರೆ ದುಬಾರಿ. ಅದರಲ್ಲಿ ಮಾಡಿದ್ದು ‘ಜೋಗಾಶಿ’, ಮೇಲ್ತರದ್ದು. ಕಂದು ಸಕ್ಕರೆ, ಧಾನ್ಯದ ಪಾಕ ಹಾಕಿ ಬಡವರ ಮಕ್ಕಳಿಗೆ ಮಾಡಿದ್ದು ದಗಾಶಿ. ಒಂದು ಮೊನ್ ನಾಣ್ಯಕ್ಕೆ ಸಿಗುತ್ತಿದ್ದರಿಂದ ‘ಇಚಿಮೊನ್‌ಗಾಶಿ’ ಅಂತಲೂ ಕರೆಯುತ್ತಿದ್ದರು. ಇದೇ ‘ದ’ ಬೇರೆ ಪದಗಳಲ್ಲೂ ಇದೆ. ‘ದಜಾರೆ’ ಅಂದರೆ ಸಪ್ಪೆ ಶ್ಲೇಷೆ, ‘ದಸಾಕು’ ಅಂದರೆ ಕೆಲಸಕ್ಕೆ ಬಾರದ ಕೃತಿ.

ನನಗೆ ಮೊದಲು ಹೊಳೆದದ್ದು ‘ಚಿಲ್ಲರೆ’. ಚಿಲ್ಲರೆ ಬುದ್ಧಿ, ಚಿಲ್ಲರೆ ಜಗಳ ಅನ್ನುವಾಗಿನ ತಾತ್ಸಾರ ‘ದ’ಗೆ ಸರಿಯಾಗಿ ಕೂರುತ್ತದೆ. ಮಕ್ಕಳ ಕೈಯಲ್ಲಿರುವ ಚಿಲ್ಲರೆ ಕಾಸು ಅನ್ನುವ ಅರ್ಥ ಪುಕ್ಕಟೆ ಬರುತ್ತದೆ. ಆದರೆ ‘ಚಿಲ್ಲರೆ ಅಂಗಡಿ’ ಅಂದ ಕೂಡಲೇ ಬೇಳೆ, ಸೋಪು, ಊದುಬತ್ತಿ ಕಣ್ಣಮುಂದೆ ಬರುತ್ತವೆ. ‘ಚಿಲ್ಲರೆ ಮಿಠಾಯಿ ಅಂಗಡಿ’ ಅಂದರೆ ಪಕ್ಕದಲ್ಲೇ ಸಗಟು ಮಿಠಾಯಿ ಅಂಗಡಿಯೂ ಇದೆಯೇನೋ ಅನ್ನಿಸುತ್ತದೆ! ಬರೀ ‘ಮಿಠಾಯಿ ಅಂಗಡಿ’ ಅಂದರೆ ಜಹಾಂಗೀರು, ಮೈಸೂರು ಪಾಕು, ತಕ್ಕಡಿ. ‘ಗೂಡಂಗಡಿ’ಗೆ ಬೀಡಿ, ಎಲೆಅಡಿಕೆಯ ವಾಸನೆ ಅಂಟಿಕೊಂಡಿದೆ.

ದಗಾಶಿಯಾ ಸಾಮಾನ್ಯವಾಗಿ ಮನೆಯ ಮುಂದಿನ ಕೋಣೆ. ಮಕ್ಕಳ ಕೈಗೆ ಎಟುಕುವಷ್ಟು ತಗ್ಗಿನಲ್ಲಿ ಜಾಡಿಗಳು, ಪೆಟ್ಟಿಗೆಗಳು. ನೋಡಿಕೊಳ್ಳಲು ಬಹುಮಟ್ಟಿಗೆ ಒಬ್ಬ ಅಜ್ಜಿ. ‘ಕಿನಾಕೊ’ ಕಡ್ಡಿ ಅಂತ ಒಂದು ತಿಂಡಿ ಇದೆ: ಹುರಿದ ಸೋಯಾ ಹಿಟ್ಟನ್ನು ಪಾಕದಲ್ಲಿ ಕಲಸಿ, ಹಲ್ಲುಕಡ್ಡಿಗೆ ಚುಚ್ಚಿ, ಮೇಲೆ ಮತ್ತೆ ಹಿಟ್ಟು ಉದುರಿಸಿರುತ್ತಾರೆ. ತಿಂದ ಮೇಲೆ ಕಡ್ಡಿಯ ತುದಿ ಕೆಂಪಗಿದ್ದರೆ ಇನ್ನೊಂದು ಬಿಟ್ಟಿ. ಟೋಕಿಯೋದ ಝೋಶಿಗಾಯಾದಲ್ಲಿ ಕಿಶಿಮೋಜಿನ್ ಗುಡಿಯ ಅಂಗಳದಲ್ಲಿರುವ ದಗಾಶಿ ಅಂಗಡಿ 1781ರದ್ದು. ಕಿಶಿಮೋಜಿನ್ ಅಂದರೆ ಬೇರೆ ಯಾರೂ ಅಲ್ಲ, ಬೌದ್ಧ ಕಥೆಗಳ ಹಾರೀತಿ, ಮಕ್ಕಳನ್ನು ಕಾಯುವ ದೇವಿ. ಮಿಠಾಯಿ ಅಂಗಡಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಇನ್ನು ಎಲ್ಲ ದಗಾಶಿಯೂ ಸಿಹಿಯಲ್ಲ. ‘ಉಮೈಬೊ’ ಅನ್ನುವ ಜೋಳದ ಕುರುಕಲು ಕೊಳವೆ 1979ರಲ್ಲಿ ಬಂತು. 2022ರ ಏಪ್ರಿಲ್‌ವರೆಗೂ ಅದರ ಬೆಲೆ 10 ಯೆನ್ನೇ ಇತ್ತು. ಆಮೇಲೆ 12, 2024ರಲ್ಲಿ 15. ಹಾಗಾಗಿ ‘ಪೆಪ್ಪರಮೆಂಟಿನ ಅಂಗಡಿ’ ಅಂದರೂ ಅರ್ಧ ಸಾಮಾನು ಹೊರಗೇ ಉಳಿಯುತ್ತದೆ. ಸದ್ಯಕ್ಕೆ ನನ್ನ ಒಲವು ‘ಕುರುಕಲಂಗಡಿ’ಯ ಕಡೆ. “ಕುರುಕಲು ತಿಂದು ಊಟ ಬಿಡ್ತಾನೆ” ಅಂತ ಅಮ್ಮಂದಿರು ಬೈಯುವಾಗ ಆ ‘ದ’ದ ತಾತ್ಸಾರ ಚೆನ್ನಾಗಿ ಕೇಳಿಸುತ್ತದೆ, ಅಲ್ವಾ? ತೊಂದರೆ ಏನೆಂದರೆ, ಪತ್ರಿಕೆಗಳ ಆರೋಗ್ಯ ಪುಟದವರು ಈ ಪದವನ್ನು ಬೊಜ್ಜು, ಸಕ್ಕರೆ ಕಾಯಿಲೆಯ ಜೊತೆ ಕಟ್ಟಿಹಾಕಿದ್ದಾರೆ.

‘ಝೆನಿ’ ಸುಲಭ. ಕಡಿಮೆ ಬೆಲೆಯ ಲೋಹದ ನಾಣ್ಯ, ಬಳಕೆಯಲ್ಲಿ ಹಣ. ನಮ್ಮ ‘ದುಡ್ಡು’ ಕೂಡ ಒಂದು ಕಾಲಕ್ಕೆ ತಾಮ್ರದ ನಾಣ್ಯವೇ ಆಗಿತ್ತು. ಕಥೆಯಲ್ಲಿ ಅಂಗಡಿಯಾಕೆ ಬೆನಿಕೊ ಉಡುವುದು ಹಳೇ ನಾಣ್ಯಗಳ ಚಿತ್ತಾರದ ಕಿಮೋನೊ. ಗಿರಾಕಿಯಿಂದ ಆಕೆ ಕೇಳುವುದು ಇಂಥದೇ ವರ್ಷದ ಮುದ್ರೆಯಿರುವ ನಾಣ್ಯ. ಹಾಗಾಗಿ ‘ಬಿಡಿಗಾಸು’ ಹೊಂದುತ್ತದೆ ಅನ್ನಿಸುತ್ತದೆ.

‘ಫುಶಿಗಿ’ ಅಂದರೆ ಅಚ್ಚರಿಯದ್ದು. ಅದರ ಬೇರು ನಮಗೆ ಹತ್ತಿರದ್ದು. ಸಂಸ್ಕೃತದ ‘ಅಚಿಂತ್ಯ’ಕ್ಕೆ ಚೀನೀ ಬೌದ್ಧರು ಮಾಡಿಕೊಂಡ ಪದದ ಮೊಟಕು ರೂಪ ಅದು. ಹಾಗಂತ ‘ಅಚಿಂತ್ಯ ಅಂಗಡಿ’ ಅಂದರೆ ಮಕ್ಕಳು ಎದ್ದು ಓಡುತ್ತಾರೆ. ‘ಮಾಟದ ಅಂಗಡಿ’ ಬೇಡವೇ ಬೇಡ, ನಿಂಬೆಹಣ್ಣು ಕುಂಕುಮ ನೆನಪಾಗುತ್ತದೆ. ‘ಜಾದೂ’ ಅಂದರೆ ವೇದಿಕೆ, ಟೋಪಿ, ಮೊಲ. ಬೆಚ್ಚಗಿನ ಅಚ್ಚರಿಗೆ ನನಗೆ ಉಳಿದದ್ದು ‘ಸೋಜಿಗ’ ಒಂದೇ. ಅಲ್ಲಿಗೆ ‘ಸೋಜಿಗದ ಕುರುಕಲಂಗಡಿ’.

ನಿಮ್ಮಿಂದ ಎರಡು ವಿಷಯ ಬೇಕು. ಶಾಲೆಯ ಎದುರು ಶುಂಠಿ ಪೆಪ್ಪರಮೆಂಟು, ಕಂಬರಕಟ್ಟು, ಕಡಲೆಮಿಠಾಯಿ ಮಾರುತ್ತಿದ್ದ ಅಂಗಡಿಯನ್ನು ನಿಮ್ಮೂರಲ್ಲಿ ಮಕ್ಕಳು ಏನಂತ ಕರೆಯುತ್ತಿದ್ದರು? ಕಲಬುರಗಿ, ಬೀದರ್ ಮತ್ತು ಕುಂದಾಪುರದ ಕಡೆಯವರು ದಯವಿಟ್ಟು ಹೇಳಿ. ಎರಡನೆಯದು, ಬೆನಿಕೊ ಮಾತು ಮಾತಿಗೂ ‘ಗೊಝಾನ್ಸು’ ಅನ್ನುತ್ತಾಳೆ. ಹಳೇ ಕಾಲದ, ಸ್ವಲ್ಪ ನಗು ತರಿಸುವ ಮರ್ಯಾದೆಯ ಮಾತು ಅದು. ಅದಕ್ಕೆ ‘ತಾವು ದಯಮಾಡಿಸಬೇಕು’ ಅನ್ನುವ ನಾಟಕದ ಧಾಟಿ ಸಾಕೇ, ಅಥವಾ ಯಾವುದಾದರೂ ಊರಿನ ಹಿರಿಯ ಹೆಂಗಸರ ಮಾತಿನಲ್ಲಿ ಇಂಥ ಬಾಲ ಇದೆಯೇ?