ಮಾಸ್ಕ್ ಬಿತ್ತು, ಚೀಲ ಉಬ್ಬಲಿಲ್ಲ

ಪ್ರಶ್ನೆ (ಮಲ್ಲೇಶ್ವರ): ಕಳೆದ ವಾರ ದೆಹಲಿಯಿಂದ ಬೆಂಗಳೂರಿಗೆ ಬರುವಾಗ ಮಾಸ್ಕ್‌ಗಳು ಜೋತುಬಿದ್ದವು. ವಿಮಾನ ಹಗ್ಗ ಜಾರಿದ ಕೊಡದಂತೆ ಇಳಿಯಿತು. ನನ್ನ ಮಾಸ್ಕ್‌ನ ಚೀಲ ಉಬ್ಬಲೇ ಇಲ್ಲ. ಆಮ್ಲಜನಕ ಬರುತ್ತಿತ್ತೇ?

ಉತ್ತರ (ಹಲಸೂರು, ನಿವೃತ್ತ ವಿಮಾನ ತಂತ್ರಜ್ಞ): ಉಬ್ಬದಿದ್ದರೂ ಬರುತ್ತದೆ. ಮಾಸ್ಕ್ ಎಳೆದರೆ ಸಾಮಾನ್ಯವಾಗಿ ರಾಸಾಯನಿಕ ಜನಕ, ಅಂದರೆ ರಾಸಾಯನಿಕಗಳಿಂದ ಆಮ್ಲಜನಕ ತಯಾರಿಸುವ ಸಾಧನ, ಚಾಲೂ ಆಗುತ್ತದೆ. ಆ ಆಮ್ಲಜನಕ ಸುಮಾರು 12 ನಿಮಿಷ ಮಾತ್ರ ಬರುತ್ತದೆ. ಆದ್ದರಿಂದಲೇ ಪೈಲಟ್ ಮಾಸ್ಕ್ ಇಲ್ಲದೆ ಉಸಿರಾಡಬಹುದಾದ ಸುಮಾರು 10,000 ಅಡಿಗೆ ಧಾವಿಸುತ್ತಾರೆ.

ಪ್ರಶ್ನಿಸಿದವರು: ಅಷ್ಟು ಹೊತ್ತು ಪೈಲಟ್ ಮೌನವಾಗಿದ್ದರು. ಕೋಪ ಬಂತು.

ಉತ್ತರ (ಹಲಸೂರು): ಮೊದಲು ಅವರ ಮಾಸ್ಕ್, ಆಮೇಲೆ ಇಳಿತ, ಮಾತು ಕೊನೆಗೆ. 35,000 ಅಡಿಯಲ್ಲಿ ಮಾಸ್ಕ್ ಇಲ್ಲದೆ ಎಚ್ಚರ ಉಳಿಯುವುದು ಅರ್ಧದಿಂದ ಒಂದು ನಿಮಿಷ. 2005ರಲ್ಲಿ ಸೈಪ್ರಸ್‌ನ ಹೀಲಿಯೋಸ್ ಸಂಸ್ಥೆಯ ವಿಮಾನದ ಪೈಲಟ್‌ಗಳು ಒಳಗಿನ ಗಾಳಿಯ ಒತ್ತಡ ಕಡಿಮೆಯಾದ ಎಚ್ಚರಿಕೆಯನ್ನು ಬೇರೆಯದೆಂದು ತಿಳಿದರು. 121 ಜನ ಸತ್ತರು.