ಮೈಸೂರು ಜೈಲಿನಲ್ಲಿರುವ ಅಣ್ಣನನ್ನು ನೋಡಲು ಮೊದಲ ಸಲ ಹೋಗುತ್ತಿದ್ದೇವೆ, ಏನೇನು ಬೇಕು?

ಮದ್ದೂರಿನವಳು:
ನಮ್ಮಣ್ಣ ಮೈಸೂರಿನ ಅಶೋಕ ರಸ್ತೆ ಸೆಂಟ್ರಲ್ ಜೈಲಿನಲ್ಲಿದ್ದಾನೆ. ಕೇಸ್ ಇನ್ನೂ ನಡೆಯುತ್ತಿದೆ, ಶಿಕ್ಷೆ ಆಗಿಲ್ಲ. ಏನು ಕೇಸ್ ಅಂತ ಮಾತ್ರ ಕೇಳಬೇಡಿ. ಮುಂದಿನ ವಾರ ನಾನು, ಅಮ್ಮ ಹೋಗುತ್ತಿದ್ದೇವೆ. ಅಮ್ಮ ಮುದ್ದೆ, ಉಪ್ಸಾರು ಕಟ್ಟಿಕೊಂಡು ಹೋಗೋಣ ಅಂತ ಹಟ ಹಿಡಿದಿದ್ದಾಳೆ, ಒಳಗೆ ಬಿಡುತ್ತಾರಾ? ಇನ್ನೊಂದು, ಅಣ್ಣನ ಮಗಳಿಗೆ ಆರು ವರ್ಷ, ಅಪ್ಪ ದುಬೈಗೆ ಹೋಗಿದ್ದಾನೆ ಅಂತ ಹೇಳಿಟ್ಟಿದ್ದೇವೆ, ದಿನಾ ಕೇಳುತ್ತಾಳೆ. ಅವಳನ್ನೂ ಕರೆದುಕೊಂಡು ಹೋಗಬಹುದಾ?

ಮಂಡಿ ಮೊಹಲ್ಲಾದವನು:
ನೋಡಮ್ಮ ತಂಗಿ, ಮನೆ ಊಟದ ಆಸೆ ಬಿಟ್ಟುಬಿಡಿ. ಅದಕ್ಕೆ ಕೋರ್ಟಿಗೇ ಅರ್ಜಿ ಹಾಕಿದವರ ಸುದ್ದಿ ಪೇಪರ್‌ನಲ್ಲಿ ಓದಿರುತ್ತೀರಿ. ಬಟ್ಟೆ ತಗೊಂಡು ಹೋಗಿ. ವಿಚಾರಣಾಧೀನ ಕೈದಿಗಳು ಸ್ವಂತ ಬಟ್ಟೆ ಹಾಕಿಕೊಳ್ಳಬಹುದು. ಎಲ್ಲವನ್ನೂ ಬಿಚ್ಚಿ ನೋಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಆಧಾರ್ ಒರಿಜಿನಲ್ ಜೊತೆಗೆ ಜೆರಾಕ್ಸ್ ಇರಲಿ, ಇಬ್ಬರದ್ದೂ. ಮೊಬೈಲ್ ಒಳಗೆ ಬಿಡುವುದಿಲ್ಲ, ವಕೀಲರ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ. ಹೋಗುವ ಮುಂಚೆ ಇ-ಮುಲಾಕಾತ್ ವೆಬ್‌ಸೈಟ್‌ನಲ್ಲಿ ಅಣ್ಣನ ಹೆಸರು ಹಾಕಿ ಭೇಟಿಗೆ ಬುಕ್ ಮಾಡಲು ನೋಡಿ, ಮೊಬೈಲ್‌ಗೆ ಓಟಿಪಿ ಬರುತ್ತದೆ. ಅವತ್ತು ರಜೆ ಇದೆಯಾ ಅಂತಲೂ ವಿಚಾರಿಸಿ, ಮದ್ದೂರಿನಿಂದ ಬಂದು ಬಾಗಿಲು ನೋಡಿಕೊಂಡು ವಾಪಸ್ ಹೋಗೋದು ಬೇಡ. ಕ್ಯಾಂಟೀನ್ ಖರ್ಚಿಗೆ ದುಡ್ಡು ಕಟ್ಟುವುದಾದರೆ ರಸೀದಿ ಕೇಳಿ, ಯಾರೋ ತಲುಪಿಸುತ್ತೇನೆ ಅಂದರು ಅಂತ ಕೈಗೆ ಕೊಡಬೇಡಿ. ಆಟೋದವನಿಗೆ ಜೈಲು ಅನ್ನಲು ಮುಜುಗರ ಆದರೆ ಫಿಲೋಮಿನಾ ಚರ್ಚ್ ಅನ್ನಿ, ಅದೂ ಅಶೋಕ ರಸ್ತೆಯೇ.

ಇಬ್ಬರು ಮಕ್ಕಳ ತಾಯಿ:
ನಮ್ಮೆಜಮಾನರು ಒಳಗಿದ್ದಾಗ ನಾನು ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಮಗು ತಡೆದುಕೊಳ್ಳುತ್ತದೆ, ಸುಳ್ಳನ್ನು ಮಾತ್ರ ತಡೆದುಕೊಳ್ಳುವುದಿಲ್ಲ. ದುಬೈ ಕಥೆ ಎಷ್ಟು ದಿನ ನಡೆಯುತ್ತದೆ ಹೇಳಿ, ಸ್ಕೂಲಿನಲ್ಲಿ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಆದರೆ ಅದನ್ನು ಹೇಳಬೇಕಾದವರು ನಿಮ್ಮ ಅತ್ತಿಗೆ, ನೀವಲ್ಲ. ಅವರನ್ನು ಕೇಳದೆ ಕರೆದುಕೊಂಡು ಹೋಗಲೇಬೇಡಿ. ಮೊದಲ ಸಲ ನೀವಿಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಪಕ್ಕದವರೆಲ್ಲ ಕೂಗಿ ಕೂಗಿ ಮಾತಾಡುತ್ತಿರುತ್ತಾರೆ, ಟೈಮ್ ಬೇಗ ಮುಗಿದುಹೋಗುತ್ತದೆ. ಅಮ್ಮ ಬರೀ ಅತ್ತುಕೊಂಡು ಬರದ ಹಾಗೆ, ಏನು ಕೇಳಬೇಕು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ. ಹಸು ಕರು ಹಾಕಿತು, ಗದ್ದೆ ನಾಟಿ ಆಯಿತು, ಅಂಥದ್ದನ್ನೇ ಜಾಸ್ತಿ ಹೇಳಿ. ಒಳಗಿರುವವರಿಗೆ ಅದೇ ಬೇಕಾಗಿರುತ್ತದೆ.

ಕರಿ ಕೋಟು:
ಮಗುವಿಗೆ ಮೊದಲು ವಿಡಿಯೋ ಭೇಟಿ ಮಾಡಿಸಬಹುದು ಅಲ್ವಾ? ಇ-ಮುಲಾಕಾತ್‌ನಲ್ಲಿ ಅದೂ ಇದೆ. ಇನ್ನು ಭೇಟಿಯಲ್ಲಿ ಕೇಸಿನ ಒಳವಿಷಯ, ಸಾಕ್ಷಿಗಳ ವಿಷಯ ಎತ್ತಲೇಬೇಡಿ, ಸುತ್ತ ಕಿವಿಗಳಿರುತ್ತವೆ. ಅದು ವಕೀಲರ ಹತ್ತಿರ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ, 1987ರ ಕಾಯ್ದೆಯಲ್ಲೇ ಇದೆ. ಒಳಗೆ ಹೋಗಿ ಎಷ್ಟು ದಿನ ಆಯಿತು ಅಂತ ಲೆಕ್ಕ ಇಟ್ಟುಕೊಳ್ಳಿ. 2024ರ ಜುಲೈನಿಂದ ಬಂದ ಹೊಸ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಶಿಕ್ಷೆ ಆಗಿರದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಜೀವಾವಧಿ ಅಥವಾ ಮರಣದಂಡನೆಯ ಕೇಸಾದರೆ ಇದು ಸಿಗುವುದಿಲ್ಲ, ಬೇರೆ ಕೇಸುಗಳೂ ಬಾಕಿ ಇದ್ದರೂ ತೊಡಕು.

ಮದ್ದೂರಿನವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತಿಗೆ ಹತ್ತಿರ ಇವತ್ತು ಸಂಜೆ ಮಾತಾಡುತ್ತೇನೆ. ಜಾಮೀನು ಸಿಕ್ಕರೆ ಶ್ಯೂರಿಟಿಗೆ ನಮ್ಮ ಜಮೀನಿನ ಪಹಣಿ ಕೊಡಬಹುದಾ? ಅದು ತಾತನ ಹೆಸರಿನಲ್ಲಿದೆ, ತಾತ ತೀರಿಕೊಂಡಿದ್ದಾರೆ.

ಕರಿ ಕೋಟು:
ತೀರಿಕೊಂಡವರ ಹೆಸರಿನ ಪಹಣಿ ನಡೆಯುವುದಿಲ್ಲ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಈಗಲೇ ಅರ್ಜಿ ಹಾಕಿ, ಅದಕ್ಕೆ ಟೈಮ್ ಹಿಡಿಯುತ್ತದೆ. ಅಷ್ಟರೊಳಗೆ ಸ್ವಂತ ಹೆಸರಿನಲ್ಲಿ ಜಮೀನಿರುವ ಮಾವನೋ ಚಿಕ್ಕಪ್ಪನೋ ಕೋರ್ಟಿಗೆ ಬಂದು ಸಹಿ ಹಾಕಲು ಒಪ್ಪುತ್ತಾರಾ ಕೇಳಿಡಿ.